ತಮ್ಮನಿಗೆ ಇಡದ ಎಲೆ

ಮೊನ್ನೆ ಪುತ್ತೂರಿನ ನನ್ನ ಆಫೀಸಿಗೆ ಹಳೆಯ ನೆರೆಮನೆಯ ಅಕ್ಕನ ಮಗಳು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಚೀಲದಿಂದ ಹೊಗೆ ಹಾಕಿದ ರಬ್ಬರ್ ಶೀಟಿನ ವಾಸನೆ ಕೋಣೆಯೆಲ್ಲ ತುಂಬಿತು. ನನ್ನ ಜೂನಿಯರ್ ಮೂಗು ಮುಚ್ಚಿಕೊಂಡ. ಅಕ್ಕನ ಸೆರಗಿಗೂ ಇದೇ ವಾಸನೆ ಇತ್ತು...

ಸುಳ್ಯದಲ್ಲಿ ನಮ್ಮ ಮನೆಯ ಪಕ್ಕ ರಬ್ಬರ್ ತೋಟದ ಕೆಲಸದವರ ಲೈನು ಮನೆಗಳಿದ್ದವು. ಸಿಲೋನಿನಿಂದ ಬಂದ ತಮಿಳರು. ಅಕ್ಕ ಅಲ್ಲಿ ರಬ್ಬರ್ ಮರದ ಹಾಲು ತೆಗೆಯುವ ಕೆಲಸದವರು. ಬರುವಾಗ ಅವರ ತಮ್ಮ ಮಾತ್ರ ಸಿಲೋನಿನಲ್ಲೇ ಉಳಿದಿದ್ದ. ಆ ಕಡೆಯ ಯುದ್ಧದ ಕೊನೆಯ ದಿನಗಳಲ್ಲಿ ಅವನ ಸುದ್ದಿ ನಿಂತುಹೋಯಿತು. ಅಕ್ಕ ನನ್ನನ್ನೂ 'ತಂಬಿ', ಅಂದರೆ ತಮ್ಮ, ಎಂದೇ ಕರೆಯುತ್ತಿದ್ದರು.

ಒಂದು ಸಂಜೆ ಟಿವಿಯಲ್ಲಿ ಎಂತದೋ ನೋಡಿ ಅಕ್ಕ ನೇರ ನಮ್ಮ ಜಗಲಿಗೆ ಬಂದರು. ಜನಾಂಗ ಹತ್ಯೆಯ ದೂರಿದ್ದ ಯಾವುದೋ ಯುದ್ಧಕ್ಕೆ ಆಯುಧ ಕೊಟ್ಟ ದೇಶವನ್ನೂ ಲೋಕದ ದೊಡ್ಡ ಕೋರ್ಟಿಗೆ ಎಳೆದಿದ್ದಾರಂತೆ.

"ತಂಬಿ, ಹೊಡೆದವನನ್ನು ಬಿಡಿ. ಗುಂಡು ಕೊಟ್ಟವನಿಗೂ ಶಿಕ್ಷೆ ಉಂಟಾ?"

ಅಯ್ಯೋ ದೇವರೇ! ನಾನು ಬೇಲಿ ಜಗಳದ ವಕೀಲ. ಆದರೂ ಗತ್ತು ಬಿಡಬಾರದಲ್ಲ, ಶುರುಮಾಡಿದೆ. ಜನಾಂಗ ಹತ್ಯೆ ಎನ್ನಲು ಸತ್ತವರು ಎಷ್ಟು ಎಂಬುದಷ್ಟೇ ಸಾಲದು, ಒಂದು ಜನವನ್ನೇ ಇಲ್ಲವಾಗಿಸುವ ಉದ್ದೇಶ ಇತ್ತೆಂದು ಸಾಬೀತಾಗಬೇಕು. ಅದು ಗೊತ್ತಿದ್ದೂ ನೆರವಾದ ದೇಶವೂ ಹೊಣೆಯೇ. ಗೊತ್ತಾದ ಮೇಲೆ ತಡೆಯಲು ಕೈಲಾದದ್ದು ಮಾಡದಿದ್ದರೆ ಅದೂ ತಪ್ಪು. ಆದರೆ ದೇಶವನ್ನು ಜೈಲಿಗೆ ಹಾಕಲಾಗದು. ದೇಶಗಳಿಗೆ ಒಂದು ಕೋರ್ಟು, ಮನುಷ್ಯರಿಗೆ ಇನ್ನೊಂದು, ಅಕ್ಕನಂಥವರು ಎರಡರಲ್ಲೂ ದಾವೆ ಹೂಡುವಂತಿಲ್ಲ... ಹೇಳುತ್ತಾ ಹೇಳುತ್ತಾ ನನಗೇ ತಲೆ ಗಿರ್ರೆಂದಿತು.

"ಕತ್ತಿ ಕೊಡುವಾಗ ಎಂತಕ್ಕೆ ಅಂತ ಕೇಳುದಿಲ್ವಾ ಮಾರಾಯ್ರೆ?" ಎಂದರು ಅಕ್ಕ.

ಅಕ್ಕನ ತಲೆಬಿಸಿಯೇ ಬೇರೆ ಎಂದು ಗೊತ್ತಾದದ್ದು ಆಷಾಢದ ಆಟಿ ಅಮಾವಾಸ್ಯೆಗೆ. ಅಂದು ಅವರ ಮನೆಯಲ್ಲಿ ತೀರಿಹೋದವರಿಗೆ ಬಾಳೆಲೆಯಲ್ಲಿ ಎಡೆ ಇಡುವುದು ವಾಡಿಕೆ. ಅಪ್ಪನಿಗೆ, ಅಮ್ಮನಿಗೆ, ಗಂಡನಿಗೆ ಎಲೆ ಹಾಕಿದ್ದರು. ತಮ್ಮನಿಗಿರಲಿಲ್ಲ.

"ಸತ್ತ ಅಂತ ನಾವೇ ಒಪ್ಪಿಕೊಂಡ್ರೆ ಕೇಸು ಹೋಗ್ತದಲ್ಲ ತಂಬಿ," ಎಂದರು ಮೆಲ್ಲಗೆ. "ಎಲ್ಲಿಟ್ಟಿದ್ದೀರಿ ಅಂತ ಮತ್ತೆ ಕೇಳುದು ಹೇಗೆ?"

ಹಾಗೇನೂ ಇಲ್ಲ, ಎಲೆಗೂ ಕೋರ್ಟಿಗೂ ಸಂಬಂಧವಿಲ್ಲ, ಕೊಲೆಯಾದರೂ ಕೇಸು ಉಂಟು ಎಂದೆ. ಅಕ್ಕ ತಲೆಯಾಡಿಸಿದರು. ನಂಬಲಿಲ್ಲ. ಹಸಿದವನು ಹಸಿದೇ ಇದ್ದಾನೇನೋ ಎಂದು ಅಳುತ್ತಿದ್ದರು, ಆದರೂ ಇಡುತ್ತಿರಲಿಲ್ಲ. ಪ್ರತಿ ಆಟಿಗೂ ಇದೇ. ನಾನು ಪುತ್ತೂರಿಗೆ ಮನೆ ಮಾಡಿದ ಮೇಲೂ ಸಿಕ್ಕಾಗಲೆಲ್ಲ "ಕೋರ್ಟು ಎಂತ ಹೇಳಿತು?" ಎಂದೇ ಮೊದಲ ಮಾತು. ಸಿಲೋನಿನ ಯುದ್ಧದ ಬಗ್ಗೆ ಆ ಕೋರ್ಟು ಏನೂ ಹೇಳಿರಲಿಲ್ಲ. ಅದರ ಮುಂದೆ ಯಾರೂ ಹೋಗಿಯೇ ಇರಲಿಲ್ಲ.

ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಮಗಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಈ ಆಟಿಗೆ ಅಮ್ಮನಿಗೆ ಮೊದಲ ಎಲೆ. "ಅದರ ಒಟ್ಟಿಗೆ ಮಾವನಿಗೂ ಒಂದು ಇಡುದಾ? ನೀವು ಹೇಳಿದ ಹಾಗೆ ಮಾಡ್ತೇನೆ."

"ಇಡು ಮಗಾ," ಎಂದುಬಿಟ್ಟೆ. "ಅಕ್ಕನ ಪಕ್ಕದಲ್ಲೇ ಇಡು."

ಅವಳು ಎದ್ದು ಬಾಗಿಲವರೆಗೆ ಹೋದವಳು ತಿರುಗಿದಳು. "ಹಾಗಾದ್ರೆ ಕೇಳುವವರು ಯಾರು ಇನ್ನು?"

ವಾಸನೆ ಇನ್ನೂ ಕೋಣೆಯಲ್ಲಿದೆ. ಅಕ್ಕ ಇಲ್ಲ ಎಂದು ಮೇಲೆ ಬರೆದೆ, ಬರೆಯಲು ಆಯಿತು. ಅವರ ತಮ್ಮನೂ ಇಲ್ಲ ಎಂದು ಬರೆಯಲು ಹೊರಟರೆ ಕೈ ಬರುತ್ತಿಲ್ಲ.