ಕರೆಂಟು ಬಂದ ಮೇಲೆ ಭಾವ ಬಂದರು

ನಮ್ಮ ಭಾವನ ಎಡಗೆನ್ನೆಯ ಮೇಲೆ ಹುಣಸೆ ಬೀಜದಷ್ಟು ಒಂದು ಸುಟ್ಟ ಕಲೆ ಇತ್ತು. ಬೆಸುಗೆ ಹಾಕುವ ಕಡ್ಡಿ ಕಾದಿದೆಯೋ ಇಲ್ಲವೋ ನೋಡಲು ಅದನ್ನು ಕೆನ್ನೆಯ ಹತ್ತಿರ ಹಿಡಿಯುವುದು ಅವರ ಅಭ್ಯಾಸ. ಒಂದು ದಿನ ಯಾರೋ ಹಿಂದಿನಿಂದ ಕೂಗಿದರಂತೆ, ಇವರು ತಿರುಗಿದರಂತೆ, ಚುರ್ ಅಂತಂತೆ. ಅಕ್ಕ ಇದನ್ನು ದೊಡ್ಡ ಸಾಹಸದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು. ಅಲ್ಲ, ಕೆನ್ನೆ ಸುಟ್ಟುಕೊಂಡದ್ದಕ್ಕೂ ಹೊಗಳಿಕೆಯಾ? ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಇಂಥವಕ್ಕೇ.

ಭಾವ ಅಂದರೆ ಅಕ್ಕನ ಗಂಡ. ತಿಪಟೂರು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು. ನಾನೋ, ದಬ್ಬೇಘಟ್ಟದ ಹತ್ತಿರದ ನಮ್ಮೂರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ಮೊದಲ ಹುಡುಗಿ. ‘ಹೆಣ್ಣುಮಗೀಗೆ ತಂತಿ ಕೆಲ್ಸ ಕಲಿಸ್ತಾವ್ನಲ್ಲ’ ಎಂದು ಊರವರು ಆಡಿಕೊಂಡರೂ ಅಪ್ಪ ಜಗ್ಗದೆ ಓದಿಸಿದ. ಆದರೆ ಮನೆಯ ರೇಡಿಯೋ ಕೆಟ್ಟರೆ ಮಾತ್ರ ಅದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ನನ್ನ ಮುಂದೆಯೇ ಹಾದು ತಿಪಟೂರಿನ ಬಸ್ಸು ಹತ್ತುತ್ತಿದ್ದ.

“ನಾನಿಲ್ವೇನಪ್ಪಾ ಮನೇಲಿ?”

“ನೀನು ಓದಿರೋಳು ಬುಡವ್ವ. ಇದು ಕೈ ಕೆಲ್ಸ, ಅಳಿಯಂದ್ರೇ ಆಗ್ಬೇಕು.”

ಈ ಮಾತು ಎಷ್ಟು ಚುಚ್ಚುತ್ತಿತ್ತು ಅಂದರೆ, ಒಂದೊಂದು ಸಲ ಭಾವನ ಅಂಗಡಿಗೆ ಬೆಂಕಿ ಬೀಳಲಿ ಅನ್ನಿಸಿದ್ದೂ ಉಂಟು. ಸುಳ್ಳು ಯಾಕೆ ಹೇಳಲಿ.

ಭಾವನದು ನಿಧಾನದ ಕೈ. ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡಿ ಸ್ವಿಚ್ ಹಾಕಿದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಡುತ್ತಿದ್ದರು. ಒಳಗಿನ ವಾಲ್ವುಗಳು ಕಾದು ಕೆಂಪಗಾಗುವವರೆಗೆ ಮುಟ್ಟುವ ಹಾಗಿಲ್ಲ, ಯಾರೂ ಮಾತಾಡುವ ಹಾಗೂ ಇಲ್ಲ. ಗಿರಾಕಿಗಳು ಗೊಣಗಿದರೆ, “ನಿಮ್ಮನ್ನ ಎಬ್ಬಿಸಿದ ತಕ್ಷಣ ಲೆಕ್ಕ ಕೇಳಿದ್ರೆ ಹೇಳ್ತೀರೇನ್ರೀ? ಕಣ್ಣು ಉಜ್ಜಿಕೊಳ್ಳಕ್ಕೆ ಬುಡಿ ಅದಕ್ಕೆ” ಅನ್ನುತ್ತಿದ್ದರು. ಜನ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಕಾಲದಲ್ಲಿ ಇದೆಂಥ ನಾಟಕ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನಲ್ಲಿ ತೂಕದ ಯಂತ್ರ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಹೋಯಿತು. ಚೀಲ ಇಟ್ಟರೆ ತೂಕದ ಅಂಕಿ ಗೋಡೆಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಕೆಂಪಗೆ ಬೆಳಗಬೇಕು, ಮಾರಲು ಬಂದ ರೈತರೆಲ್ಲ ಕಣ್ಣಾರೆ ನೋಡಬೇಕು. ತಕ್ಕಡಿಯಲ್ಲೊಂದು ಮೈಕ್ರೋಕಂಟ್ರೋಲರ್ ಚಿಪ್ಪು, ಬೋರ್ಡಿನಲ್ಲೊಂದು. ನಡುವಿನ ಸೀರಿಯಲ್ ತಂತಿಯಲ್ಲಿ ಅಂಕಿಗಳು ಒಂದರ ಹಿಂದೊಂದು ಓಡುತ್ತವೆ. ‘ನಿನ್ನ ಕಡೆಯ ಊರಲ್ವಾ, ನೀನೇ ಹೋಗಿ ಹಾಕಿಕೊಟ್ಟು ಬಾ’ ಎಂದು ನನ್ನನ್ನೇ ಕಳಿಸಿದರು. ನಾನು ಅಪ್ಪನಿಗೆ ಕಾಗದ ಬರೆದೆ. ಅಪ್ಪ ಎರಡು ಚೀಲ ಕೊಬ್ಬರಿ ಹೇರಿಕೊಂಡು, ಜೊತೆಗೆ ಊರಿನ ಏಳೆಂಟು ಜನರನ್ನೂ ಕರೆದುಕೊಂಡು ಬಂದ. ಅವತ್ತು ನನಗೆ ಬೇಕಾಗಿದ್ದು ಒಂದೇ. ಆ ಟವೆಲ್ಲಿನ ರೇಡಿಯೋವನ್ನು ಇನ್ನು ಮೇಲೆ ಅಪ್ಪ ನನ್ನ ಮುಂದೆ ಬಿಚ್ಚಬೇಕು.

ಬೆಳಿಗ್ಗೆ ಎಲ್ಲಾ ಚೆನ್ನಾಗಿತ್ತು. ಹನ್ನೊಂದಕ್ಕೆ ಕರೆಂಟು ಹೋಯಿತು. ಅರ್ಧ ಗಂಟೆಗೆ ಬಂತು. ಅಪ್ಪನ ಚೀಲ ಇಟ್ಟರೆ ಬೋರ್ಡಿನ ಮೇಲೆ ಮುರುಕು ಗೆರೆಗಳು, ತಲೆ ಇಲ್ಲದ ಎಂಟುಗಳು! ಚೀಲ ಇಳಿಸಿದರೂ ಅದೇ ಗೋಜಲು. ನಾನು ತಂತಿ ಬದಲಾಯಿಸಿದೆ. ಅಂಕಿ ಕಳಿಸುವ ವೇಗ, ಕೇಳುವ ವೇಗ ಎರಡೂ ಒಂದೇ ಇದೆಯಾ ಅಂತ ಮತ್ತೆ ಮತ್ತೆ ನೋಡಿದೆ. ಬೋರ್ಡಿನ ಪ್ಲಗ್ಗು ಕಿತ್ತೆ, ತಕ್ಕಡಿಯ ಪ್ಲಗ್ಗು ಕಿತ್ತೆ, ಒಂದೊಂದಾಗಿ ಹಾಕಿದೆ, ಸರಿಯಾಯಿತು. ಅಬ್ಬಾ ಅನ್ನುವಷ್ಟರಲ್ಲಿ ಕರೆಂಟು ಮತ್ತೆ ಹೋಗಿ ಬಂತು. ಮತ್ತೆ ಅದೇ ರಗಳೆ.

“ಇದ್ಯಾವ ಭಾಷೆನಪ್ಪ ಬರೀತಾ ಐತೆ?” ಎಂದು ಒಬ್ಬರು ನಕ್ಕರು. ಮಂಡಿ ಯಜಮಾನರು ಹಳೆಯ ಕಲ್ಲಿನ ತಕ್ಕಡಿಯನ್ನೇ ಹೊರಗೆ ಎಳೆಸಿದರು. ಅಪ್ಪ ನನ್ನ ಮುಖ ನೋಡಲಿಲ್ಲ. ಅಷ್ಟು ಜನರ ಎದುರಿಗೆ ಹೇಳಿದ: “ತಡಿ ಮಗಾ, ಅಳಿಯಂದ್ರನ್ನ ಕರ್ಕಂಡ್ ಬತ್ತೀನಿ.”

ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಭಾವ ಬಂದರು. ಮುಚ್ಚಳ ತೆಗೆಯಲಿಲ್ಲ, ಏನೂ ಮುಟ್ಟಲಿಲ್ಲ. ಮೇನ್ ಸ್ವಿಚ್ ಆರಿಸಿ ಹಾಕಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತ ನಿಂತರು. ನನಗೆ ಮೈಯೆಲ್ಲ ಉರಿ. ಮೂರು ಸಲ ಹಾಗೇ ಮಾಡಿಸಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಕಾರ್ಖಾನೆಲಿ ಯಾವ್ದನ್ನ ಮೊದ್ಲು ಹಾಕ್ತಿದ್ರಮ್ಮ?”

“ಬೋರ್ಡು. ಆಮೇಲೆ ತಕ್ಕಡಿ.”

“ಇಲ್ಲಿ ಎರಡಕ್ಕೂ ಕರೆಂಟು ಒಟ್ಟಿಗೇ ಬತ್ತದೆ. ತಕ್ಕಡಿ ದೀಪ ಮೊದ್ಲು ಹತ್ಕತದೆ, ಬೋರ್ಡು ಒಂದ್ ಗಳಿಗೆ ತಡ, ನೋಡ್ದಾ? ಹೇಳೋನು ಶುರು ಹಚ್ಕಂಡವ್ನೆ, ಕೇಳೋನು ಇನ್ನೂ ಎದ್ದಿಲ್ಲ. ಮಾತಿನ ಮಧ್ಯದಲ್ಲಿ ಎದ್ದೋನಿಗೆ ತಲೆಬುಡ ಹೆಂಗೆ ತಿಳೀಬೇಕು ಕಣಮ್ಮ?”

ಥೂ ನನ್ನ ಬುದ್ಧಿಗೆ! ತಕ್ಕಡಿ ಉಸಿರು ಬಿಡದೆ ಅಂಕಿ ಕಳಿಸುತ್ತಿತ್ತು. ಬೋರ್ಡು ಒಂದು ಅಂಕಿಯ ನಡುವಿನಿಂದ ಕೇಳಲು ಶುರು ಮಾಡಿ, ಪ್ರತಿಯೊಂದನ್ನೂ ತಪ್ಪು ಜಾಗದಲ್ಲಿ ತುಂಡು ಮಾಡಿಕೊಳ್ಳುತ್ತಿತ್ತು. ಕಾರ್ಖಾನೆಯಲ್ಲಿ ನಾವು ಒಂದು ದಿನವೂ ಎರಡನ್ನೂ ಒಟ್ಟಿಗೆ ಹಾಕಿ ನೋಡಿರಲಿಲ್ಲ.

“ತಕ್ಕಡಿನ ಸ್ವಲ್ಪ ತಡವಾಗಿ ಎಬ್ಬಿಸಕ್ಕೆ ಆಯ್ತದಾ?” ಅಂದರು. ಆಗುತ್ತಿತ್ತು. ಮೈಕ್ರೋಕಂಟ್ರೋಲರನ್ನು ಎಬ್ಬಿಸುವ ಕಾಲಿಗೆ, ಅಂದರೆ ರೀಸೆಟ್ ಪಿನ್ನಿಗೆ, ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದು ತುಂಬಿದ ಮೇಲೇ ಚಿಪ್ಪು ಏಳುವುದು, ದೊಡ್ಡದು ಹಾಕಿದರೆ ಏಳುವುದು ತಡವಾಗುತ್ತದೆ. ಜಾಗ ತೋರಿಸಿದೆ. ಅವರು ಕಡ್ಡಿಯನ್ನು ಕೆನ್ನೆಯ ಹತ್ತಿರ ಹಿಡಿದು ನೋಡಿ, ತಮ್ಮ ಡಬ್ಬಿಯ ಕೆಪಾಸಿಟರ್ ಒಂದನ್ನು ಬೆಸೆದರು. ಮೇನ್ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿದೆವು. ಹತ್ತು ಸಲವೂ ಅಪ್ಪನ ಚೀಲದ ತೂಕ ಗೋಡೆಯ ಮೇಲೆ ನೆಟ್ಟಗೆ ನಿಂತಿತು.

ಅಪ್ಪ ಅಳಿಯನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಭಾವ ಮಂಡಿಗೆಲ್ಲ ಕೇಳುವ ಹಾಗೆ ಅಂದರು: “ನನ್ನನ್ಯಾಕೆ ನೋಡ್ತೀರಾ ಮಾವ? ಎಲ್ಲಿ ಏನು ಹಾಕ್ಬೇಕು ಅಂತ ಹೇಳಿದ್ದು ನಿಮ್ಮ ಮಗಳು. ನಾನು ಅಂಟಿಸ್ದೆ ಅಷ್ಟೆ. ಇಂಥದ್ದು ನನಗೆಲ್ಲಿ ತಿಳೀತದೆ?”

ಅಪ್ಪನ ಮುಖ ಅರಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಸಿಕ್ಕಸಿಕ್ಕವರಿಗೆಲ್ಲ, “ನನ್ ಮಗಳು ಕಣ್ಲಾ” ಎಂದು ಹೇಳಿಕೊಂಡು ಓಡಾಡಿದ. ನಾನು ಸತ್ಯ ನುಂಗಿದೆ, ಹೊಗಳಿಕೆಯನ್ನೂ ನುಂಗಿದೆ. ಅದಾದ ಮೇಲೆ ಕೃತಜ್ಞತೆ ಬರಬೇಕಿತ್ತಲ್ಲ, ಬರಲಿಲ್ಲ. ನನಗೆ ಭಿಕ್ಷೆ ಹಾಕಿದ ಮನುಷ್ಯ ಅಂತ ಹೊಟ್ಟೆಕಿಚ್ಚು ಇನ್ನೂ ಹೆಚ್ಚಿತು. ಹಬ್ಬಕ್ಕೆ ಬಂದರೆ ಸರಿಯಾಗಿ ಮಾತಾಡಿಸುತ್ತಿರಲಿಲ್ಲ. ಅಪ್ಪ ಹಾಗೇ ನಂಬಿಕೊಂಡು ತೀರಿಹೋದ. ನಾನು ಅವನಿಗೂ ಹೇಳಲಿಲ್ಲ.

ಭಾವ ಹೋಗಿ ಈಗ ಎರಡು ವರ್ಷ. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅಕ್ಕನ ಪಕ್ಕದಲ್ಲಿ ಕೂತು ಕಡೆಗೂ ಬಾಯಿಬಿಟ್ಟೆ. “ಅವತ್ತು ಮಂಡಿಲಿ ಕಂಡುಹಿಡಿದಿದ್ದು ನಾನಲ್ಲ ಕಣಕ್ಕ, ಭಾವ.”

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಗೊತ್ತು ಕಣೇ. ಅವತ್ತು ಮನೆಗೆ ಬಂದೋರು ಉಣ್ಲಿಲ್ಲ. ‘ಆ ಮಗೀಗೆ ಆ ಚಿಪ್ಪಿನ ಒಂದೊಂದ್ ಕಾಲಿನ ಹೆಸರೂ ಬತ್ತದೆ ಕಣೇ, ನನಗೆ ಆ ಪುಸ್ತಕ ಓದಕ್ಕೂ ಬರಲ್ವಲ್ಲ’ ಅಂತ ಗೋಡೆಗೆ ಒರಗಿ ಕೂತ್ಬುಟ್ರು. ನಿನ್ನ ಕಂಡ್ರೆ ಅವರಿಗೆ ಎಷ್ಟು ಹೊಟ್ಟೆಕಿಚ್ಚಿತ್ತು ಅಂತ ನಿಂಗೇನೇ ಗೊತ್ತು?”

ನನ್ನ ಹೊಟ್ಟೆಕಿಚ್ಚು ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಅವರದ್ದು ಇಷ್ಟು ವರ್ಷ ನನಗೇ ಗೊತ್ತಾಗಲಿಲ್ಲ. ಅದರಲ್ಲೂ ನನ್ನನ್ನು ಸೋಲಿಸಿಬಿಟ್ಟರಲ್ಲ ಭಾವ!