ಚೌಕ ಮೊದಲು, ಶ್ರೀ ಆಮೇಲೆ

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಗೋಣಿತಾಟು ನೆನೆಸಿ ಇಳಿಬಿಟ್ಟೆ. ಬಿಸಿಗಾಳಿ ತಾಗಿದ ಕೂಡಲೇ ಅದರಿಂದ ಹಸಿ ನಾರಿನ, ಹಳೇ ಶೇಂಗಾ ಸಿಪ್ಪೆಯ ವಾಸನೆ ಎದ್ದಿತು. ಹೊಸ ಸ್ಟಿಕರ್ ಕಟಿಂಗ್ ಮಷೀನು ಕೂರಿಸಲು ಬಂದಿದ್ದ ಕಂಪನಿಯವನು ಮೂಗು ಸಿಂಡರಿಸಿ, ಒಳಗೆ ಏಸಿ ಇರುವಾಗ ಇದೆಂಥದ್ದು ಮೇಡಂ ಎಂದು ಕೇಳಿದ. ಅಭ್ಯಾಸ ಎಂದೆ. ಪೂರಾ ಹೇಳುತ್ತ ಕೂತಿದ್ದರೆ ಅವನ ಬಸ್ಸು ತಪ್ಪುತ್ತಿತ್ತು. ಆದರೆ ಆ ವಾಸನೆ ನನ್ನನ್ನು ಮಾತ್ರ ಏಳು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ ಹಿಂದಿನ ಮನೆಯ ತಾತನ ಮುಂದೆ ಕೂರಿಸಿತು...

ತಾತ ನನಗೆ ನೆಂಟರಲ್ಲ. ಚಳ್ಳಕೆರೆಯಲ್ಲಿ ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡೇ ಇದ್ದ ಮನೆಗೆ ಮೊಳಕಾಲ್ಮೂರಿನಿಂದ ಬಂದು ಮಗಳ ಜೊತೆ ಇದ್ದವರು. ಅಲ್ಲಿ ರೇಷ್ಮೆ ಸೀರೆ ನೇಯುವವರ ಮನೆಗಳಿಗೆಲ್ಲ ಕಾರ್ಡು ಹೊಡೆದುಕೊಡುತ್ತಿದ್ದರಂತೆ. ಸೀರೆಯ ಅಂಚಿನ ಮಾವು, ಸೆರಗಿನ ನವಿಲು ಎಲ್ಲ ಮೊದಲು ಚೌಕುಳಿ ಕಾಗದದ ಮೇಲೆ ಚುಕ್ಕಿಗಳಾಗುತ್ತವೆ. ಆ ಚುಕ್ಕಿ ನೋಡಿಕೊಂಡು ದಪ್ಪ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯಬೇಕು. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಅಂಥ ನೂರಾರು ಪಟ್ಟಿಗಳನ್ನು ದಾರದಲ್ಲಿ ಸಾಲಾಗಿ ಪೋಣಿಸಿ ಮಗ್ಗದ ತಲೆಯ ಮೇಲೆ ಏರಿಸಿದರೆ ಕೆಳಗೆ ನವಿಲು ಇಳಿದುಬರುತ್ತದೆ. ಜೀವಮಾನವೆಲ್ಲ ಆ ಸಣ್ಣ ತೂತು ನೋಡಿ ನೋಡಿಯೋ ಏನೋ, ನಮ್ಮ ಬೀದಿಗೆ ಬರುವ ಹೊತ್ತಿಗೆ ಅವರ ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಾನಾಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಮಾಲೀಕನ ಗೊಣಗಾಟ ಕೇಳಿ ಕೇಳಿ ಸಾಕಾಗಿ, ಒಂದು ದಿನ ಅವನಿಗೆ ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತು ಆಡಿ ಬಿಟ್ಟುಬಂದೆ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ನನ್ನದೇ ಸ್ಟಿಕರ್ ಅಂಗಡಿ ಎಂದು ಘೋಷಿಸಿದೆ. ನನ್ನ ಗಂಡ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಮಷೀನುಗಳ ಸಹವಾಸ ಮಾಡಿದವನಾದ್ದರಿಂದ ಅವುಗಳನ್ನು ನಂಬುವವನಲ್ಲ. ಎಂಟು ದಿನದೊಳಗಾದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಮಷೀನು ಕೊಟ್ಟವರು ಒಪ್ಪಿದ್ದರು. ಗಂಡ ಅದನ್ನೇ ಹಿಡಿದುಕೊಂಡ.

"ಎಂಟು ದಿನ ನೋಡು. ಅಕ್ಷರ ನೆಟ್ಟಗೆ ಬಂದ್ರೆ ಇಟ್ಕೋ. ಇಲ್ಲಾಂದ್ರೆ ಸುಮ್ನೆ ವಾಪಸ್ ಕಳ್ಸಿ ಹಳೇ ಕೆಲ್ಸಕ್ಕೇ ಹೋಗು" ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು, ಸಮಾಧಾನದಲ್ಲೇ ಹೇಳಿದ. ಆ ಮಾಲೀಕನ ಮೆಟ್ಟಿಲನ್ನು ಮತ್ತೆ ಹತ್ತುವುದನ್ನು ನೆನೆಸಿಕೊಂಡರೇ ನನ್ನ ಮೈ ಉರಿಯುತ್ತಿತ್ತು.

ಮಷೀನು ಬಂದದ್ದು ಮೇ ತಿಂಗಳಲ್ಲಿ. ತಂದವನು ಬೆಳಿಗ್ಗೆಯೇ ಕಾಲು ಜೋಡಿಸಿ, ವೈರು ಸಿಕ್ಕಿಸಿ, ಎರಡು ಗೀಟು ಕಡಿದು ತೋರಿಸಿ ಹೋದ. ನಾನು ಸ್ನಾನ ಮಾಡಿ ಬಂದು ಪೂಜೆ ಮಾಡಿದೆ. ಸಣ್ಣಪುಟ್ಟ ಪೂಜೆಯಲ್ಲ. ನಿಂಬೆಹಣ್ಣು, ಊದಿನಕಡ್ಡಿ ಎಲ್ಲ ಆಗಿ, ಹಾಳೆಯನ್ನು ಒತ್ತಿ ಹಿಡಿಯುವ ರಬ್ಬರ್ ಚಕ್ರಗಳಿಗೂ ಒಂದೊಂದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಆಮೇಲೆ ಶುಭವಾಗಲಿ ಎಂದು ಗೇಣುದ್ದದ 'ಶ್ರೀ' ಟೈಪ್ ಮಾಡಿ ಬಟನ್ ಒತ್ತಿದೆ. ಹಾಳೆ ಸರಸರ ಓಡಿತು, ನಡುವೆ ಜಾರಿತು. ಶ್ರೀ ಹೆಂಡ ಕುಡಿದವರ ಹಾಗೆ ಒಂದು ಕಡೆ ವಾಲಿಕೊಂಡು ಹೊರಗೆ ಬಂತು.

ಈ ಹಾಳೆಯಲ್ಲಿ ಮೇಲೆ ಬಣ್ಣದ ಪ್ಲಾಸ್ಟಿಕ್, ನಡುವೆ ಗೋಂದು, ಕೆಳಗೆ ಕಾಗದ. ಬ್ಲೇಡು ಮೇಲಿನದನ್ನು ಮಾತ್ರ ಕಡಿದು ಕಾಗದವನ್ನು ಬಿಡಬೇಕು. ಆಗ ಬೇಡದ ಭಾಗ ಕಿತ್ತರೆ ಅಕ್ಷರ ಕಾಗದದ ಮೇಲೆ ಉಳಿಯುತ್ತದೆ. ನನ್ನದು ಕಿತ್ತರೆ ಅಕ್ಷರವೂ ಜೊತೆಗೆ ಎದ್ದು ಬರುತ್ತಿತ್ತು. ಬ್ಲೇಡಿನ ಒತ್ತಡ ಹೆಚ್ಚು ಮಾಡಿದೆ. ಈಗ ಕಾಗದವೂ ಸೇರಿ ತುಂಡಾಯಿತು. ಸಂಜೆಯವರೆಗೆ ಇದೇ ಆಯಿತು. ನಾನು ಅಳುವವಳಲ್ಲ, ಬೈಯುವವಳು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಬಾಯಿಗೆ ಬಂದದ್ದೆಲ್ಲ ಬೈಯುತ್ತಿದ್ದಾಗ ಗೋಡೆಯ ಆ ಕಡೆಯಿಂದ ತಾತನ ದನಿ ಬಂತು.

"ಯಾರ್ನಮ್ಮಾ ಬೈತಿದ್ದೀಯಾ?"

"ಮಷೀನ್ನ, ತಾತ."

"ಅದ್ಕೆ ಕಿವಿ ಐತಾ?"

ಮಾರನೇ ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಬಂದರು. ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ಮಷೀನಿನ ಮೈಯನ್ನೆಲ್ಲ ಒಮ್ಮೆ ಸವರಿದರು. ಬೆರಳು ರಬ್ಬರ್ ಚಕ್ರದ ಹತ್ತಿರ ಬಂದು ನಿಂತಿತು. ಉಜ್ಜಿದರು, ಮೂಸಿದರು. ನಕ್ಕರು. ಅವರ ಊರಲ್ಲೂ ಮಗ್ಗಕ್ಕೆ ಪೂಜೆ ಮಾಡುತ್ತಾರಂತೆ, ಆದರೆ ಕುಂಕುಮ ಕಂಬಕ್ಕೆ, ಎಳೆ ಓಡುವ ಜಾಗಕ್ಕಲ್ಲ. "ಪುಡಿ ಸಿಕ್ರೆ ಹಾಳೆ ಜಾರದೆ ಇನ್ನೇನಮ್ಮಾ ಮಾಡ್ತೈತೆ? ಪರವಾಲೇದು, ಒರೆಸು" ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಸಮಾಧಾನ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಿಂದಿನ ಸಂಜೆಯೆಲ್ಲ ಕಂಪನಿಗೆ ಶಾಪ ಹಾಕಿದ್ದೆ. ತಲೆ ಬಗ್ಗಿಸಿಕೊಂಡು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಚಕ್ರ ಒರೆಸಿದೆ.

ಮತ್ತೆ ಶ್ರೀ ಕಡಿಯಲು ಹೋದವಳನ್ನು ಅವರು ತಡೆದರು. "ಚೌಕ ಮೊದ್ಲು, ಶ್ರೀ ಆಮೇಲೆ." ಬೆಂಕಿಪೊಟ್ಟಣದ ಅಗಲದ ಒಂದು ಚೌಕ, ಅದರೊಳಗೆ ಒಂದು ಗುಂಡು, ಅಷ್ಟೇ ಸಾಕು ಎಂದರು. ನಾನು ಕಡಿದು ಅವರ ಅಂಗೈಗೆ ಇಟ್ಟೆ. ಹೆಬ್ಬೆರಳಿನ ಉಗುರಿನಿಂದ ಚೌಕದ ಮೂಲೆ ಸವರಿದರು, ಗುಂಡು ಶುರುವಾದಲ್ಲೇ ಬಂದು ಕೂಡಿದೆಯೇ ಎಂದು ಸುತ್ತು ಹಾಕಿದರು, ಆಮೇಲೆ ಹಾಳೆ ಮಗುಚಿ ಕಾಗದದ ಬೆನ್ನು ಮುಟ್ಟಿದರು. ಕಣ್ಣಿದ್ದ ನಾನು ಭೂತಗನ್ನಡಿ ಹಿಡಿದರೂ ಕಾಣದ್ದು ಅವರ ಉಗುರಿಗೆ ಕಂಡಿತು. ಬ್ಲೇಡು ಬಹಳ ಹೊರಗೆ ಬಂದಿದೆ ಎಂದರು.

"ಕಾಗ್ದಕ್ಕೆ ಗೀರು ಬೀಳ್ಬೇಕಮ್ಮಾ, ಗಾಯ ಆಗ್ಬಾರ್ದು."

ಈ ಏಳು ವರ್ಷದಲ್ಲಿ ಕಂಪನಿಯವರ ಪುಸ್ತಕ, ಫೋನಿನ ವಿಡಿಯೋ ಏನೇನೋ ನೋಡಿದ್ದೇನೆ. ಇದಕ್ಕಿಂತ ಚೊಕ್ಕಟವಾಗಿ ಯಾರೂ ಹೇಳಿಲ್ಲ.

ಹನ್ನೊಂದೋ ಹನ್ನೆರಡೋ ಚೌಕಕ್ಕೆ ಗೀರು ಸರಿಯಾಯಿತು. ಕೆಟ್ಟವನ್ನೆಲ್ಲ ನಾನು ಕಸದ ಬುಟ್ಟಿಗೆ ಎಸೆದಿದ್ದೆ, ಅವರು ಅವನ್ನು ನನ್ನಿಂದಲೇ ಆರಿಸಿ ತೆಗೆಸಿದರು. ತಪ್ಪಿಗೂ ಒಂದು ಸಾಲು ಇರುತ್ತದೆ, ಸಾಲು ತಪ್ಪಿದರೆ ಎಲ್ಲಿ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ ಎಂದರು. ಅವತ್ತಿನಿಂದ ನಾನು ಕಡಿದ ಚೌಕವೆಲ್ಲ ಅವರ ಜೇಬಿಗೆ. ಮನೆಗೆ ಹೋಗಿ ತಮ್ಮ ಹಳೇ ಉಳಿಯಲ್ಲಿ ಮೂಲೆಗೊಂದು ತೂತು ಹೊಡೆದು, ದಾರದಲ್ಲಿ ಪೋಣಿಸಿ ಇಡುತ್ತಿದ್ದರು. ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡೆ.

ತಮ್ಮದೇ ಒಂದು ತಪ್ಪನ್ನೂ ಹೇಳಿದ್ದರು. ವಯಸ್ಸಿನಲ್ಲಿ ಒಮ್ಮೆ ನವಿಲಿನ ಕಣ್ಣಿನ ತೂತು ಹೊಡೆಯಲು ಮರೆತು, ಸೆರಗಿನ ತುಂಬ ಕುರುಡು ನವಿಲುಗಳೇ ಇಳಿದುಬಂದವಂತೆ. ಅವುಗಳ ಶಾಪವೇ ನನಗೆ ತಟ್ಟಿತು ಎಂದು ಕಣ್ಣು ತೋರಿಸಿ ನಗುತ್ತಿದ್ದರು. ಒಂದು ತೂತೂ ಇಲ್ಲದ ಕಾರ್ಡು ಬಂದರೆ ಬಿಟ್ಟುಬಿಡಬಹುದಲ್ಲ ತಾತ ಎಂದು ಕೇಳಿದ್ದೆ. ಹಾಗೆಲ್ಲ ಮಾಡಬಾರದಂತೆ. ಎಳೆ ಏಳದಿದ್ದರೂ ಆ ಸಾಲು ಸಾಲೇ, ಅದನ್ನು ಬಿಟ್ಟರೆ ಮುಂದಿನ ಹೂವೆಲ್ಲ ಓರೆಯಾಗುತ್ತದೆ ಎಂದರು. ನಾನು ಹೂಂಗುಟ್ಟಿದೆ. ಆಗ ನನಗೆ ಅದೆಲ್ಲ ಬೇಕಿರಲಿಲ್ಲ.

ಏಕೆಂದರೆ ನನ್ನ ಮಷೀನು ಮತ್ತೆ ಕೈ ಕೊಟ್ಟಿತ್ತು. ಬೆಳಿಗ್ಗೆ ಚಂದ ಕಡಿದದ್ದು ಮಧ್ಯಾಹ್ನ ಕಡಿಯುತ್ತಿರಲಿಲ್ಲ. ಕಡಿದರೂ ಗಾಯ ಕೂಡಿಕೊಂಡ ಹಾಗೆ ಗೋಂದು ಮತ್ತೆ ಅಂಟಿಕೊಂಡು ಅಕ್ಷರ ಎಳೆಯುತ್ತಿತ್ತು. ನಾನು ಬ್ಲೇಡು ಬದಲಿಸಿದೆ, ಒತ್ತಡ ಏರಿಸಿದೆ, ಇಳಿಸಿದೆ. ಮಾರನೇ ಬೆಳಿಗ್ಗೆ ಮತ್ತೆ ಸರಿ, ಮಧ್ಯಾಹ್ನ ಮತ್ತೆ ಅದೇ ರಾಗ. ನಾಲ್ಕು, ಐದು, ಆರು ದಿನ ಕಳೆದವು. ಏಳನೇ ದಿನ ಮಷೀನು ಬಂದಿದ್ದ ಖಾಲಿ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟೆ.

ಅವತ್ತು ಸಂಜೆ ತಾತ ಚೌಕದ ಸರ ಹಿಡಿದುಕೊಂಡು ಬಂದರು. ಮಾರುದ್ದ ಆಗಿತ್ತು. ನನ್ನ ಬೆರಳು ಹಿಡಿದು ಸರದ ಮೇಲೆ ಓಡಿಸಿದರು. ನಡುನಡುವೆ ದಾರಕ್ಕೆ ಗಂಟು ಸಿಗುತ್ತಿತ್ತು. ಮಿಲ್ಲಿನ ಮಧ್ಯಾಹ್ನದ ಸೈರನ್ ಕೇಳಿದಾಗಲೆಲ್ಲ ಒಂದು ಗಂಟು ಹಾಕಿದ್ದರಂತೆ.

"ಗಂಟಿಗಿಂತ ಮೊದ್ಲೆಲ್ಲಾ ಸರಿ ಐತೆ, ಗಂಟಾದ್ಮೇಲೆ ಕೆಟ್ಟೈತೆ. ಮಷೀನ್ದಲ್ಲಮ್ಮಾ ತಪ್ಪು, ನಿನ್ ತಗಡಿಂದು."

ಮೇ ತಿಂಗಳ ಚಳ್ಳಕೆರೆ, ಮೇಲೆ ತಗಡು, ಆ ತಗಡಿನ ಗೋಡೆಗೇ ಒರಗಿಸಿಟ್ಟ ಹಾಳೆಯ ಸುರುಳಿ. ಗೋಂದು ಕರಗದೆ ಏನು ಮಾಡೀತು? ಇದು ನನಗೆ ಹೊಳೆಯಲಿಲ್ಲ, ಮಿಲ್ಲಿನ ಫಿಟ್ಟರಿಗೆ ಹೊಳೆಯಲಿಲ್ಲ. ಕಣ್ಣಿಲ್ಲದವರು ದಾರದ ಗಂಟಿನಲ್ಲಿ ಹಿಡಿದುಬಿಟ್ಟರು. ಬಿಸಿಲಲ್ಲಿ ರೇಷ್ಮೆ ಎಳೆಯೂ ಒಣಗಿ ತುಂಡಾಗುತ್ತದಂತೆ, ಅದಕ್ಕೇ ನೇಯುವವರ ಮನೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ನೆನೆದ ಗೋಣಿ ಕಟ್ಟುತ್ತಾರಂತೆ. ಹಾಳೆಯ ಸುರುಳಿಯನ್ನು ಒಳಗಿನ ಕೋಣೆಯ ಕಲ್ಲುಚಪ್ಪಡಿಯ ಮೇಲೆ, ಮಂಚದ ಕೆಳಗೆ ಮಲಗಿಸಲು ಹೇಳಿದರು.

ಎಂಟನೇ ದಿನ ಮಷೀನು ಒಯ್ಯುವವನು ಬಂದದ್ದು ಮಟಮಟ ಮಧ್ಯಾಹ್ನಕ್ಕೇ. ಗಂಡನೂ ಅರ್ಧ ದಿನ ರಜೆ ಹಾಕಿ ಬಂದಿದ್ದ. ಶೆಡ್ಡಿನ ಮೂರೂ ಕಡೆ ಒದ್ದೆ ಗೋಣಿ ತೂಗುತ್ತಿದ್ದವು, ನೆಲ ಒದ್ದೆ. ಬಂದವನು ಇದು ಸ್ಟಿಕರ್ ಅಂಗಡಿಯೋ ಐಸ್ ಅಂಗಡಿಯೋ ಎಂದು ಬಾಗಿಲಲ್ಲೇ ನಿಂತ. ಮಂಚದ ಕೆಳಗಿನಿಂದ ಸುರುಳಿ ತಂದು ಸಿಕ್ಕಿಸಿದೆ. ಮೊದಲು ಚೌಕ ಕಡಿದು ತಾತನ ಅಂಗೈಗಿಟ್ಟೆ. ಅವರು ಉಗುರಾಡಿಸಿ, ಜೇಬಿಗೆ ಹಾಕಿಕೊಂಡು ತಲೆ ಆಡಿಸಿದರು. ಆಮೇಲೆ ಶ್ರೀ. ಸೂಜಿಯ ಮೊನೆಯಲ್ಲಿ ಮೂಲೆ ಎಬ್ಬಿಸಿ ಮೆಲ್ಲಗೆ ಎಳೆದೆ. ಬೇಡದ್ದೆಲ್ಲ ಬಾಳೆಸಿಪ್ಪೆಯ ಹಾಗೆ ಸುಲಿದು ಬಂತು. ಕೆಂಪು ಶ್ರೀ ಕಾಗದದ ಮೇಲೆ ಕೂತಿತ್ತು, ನೆಟ್ಟಗೆ, ಒಂದು ಕೂದಲೆಳೆಯೂ ಕದಲದೆ. ಗಂಡ ಎದ್ದು ಹೋಗಿ ಒಂದು ಬಕೆಟ್ ನೀರು ತಂದು, ಒಣಗುತ್ತಿದ್ದ ಗೋಣಿಯನ್ನು ಮತ್ತೆ ನೆನೆಸಿದ. ಬಂದವನು ಖಾಲಿ ಕೈಯಲ್ಲಿ ಹಿಂದಿರುಗಿದ.

ಆಮೇಲೆ ಕೆಲಸ ಬಂತು. ಮೊದಮೊದಲು ಆಟೋಗಳ ಹೆಸರು, ಮದುವೆ ಕಾರು. ಬರಬರುತ್ತ ಲಾರಿಗಳು, ಶಾಲೆಗಳ ಗೋಡೆ. ತಾತ ದಿನಾ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂತು ಅಂಗೈ ಚಾಚುತ್ತಿದ್ದರು, ನಾನು ಚೌಕ ಕಡಿದು ಇಡುತ್ತಿದ್ದೆ. ಒಂದು ದಿನ ಅವಸರದಲ್ಲಿ, ಇವತ್ತು ಇಲ್ಲ ತಾತ, ನಿನ್ನೆ ಸೆಟ್ಟಿಂಗೇ ಐತೆ ಎಂದೆ. ಪರವಾಲೇದು ಎಂದು ಎದ್ದು ಹೋದರು. ಹಾಗೆ ಒಂದು ದಿನ ಆದದ್ದು ವಾರಕ್ಕೆ ಎರಡು ದಿನವಾಯಿತು, ಆಮೇಲೆ ದಿನಾ ಅದೇ ಆಯಿತು. ಅವರು ಬರುವುದನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತು ಅಂಗೈ ತೆರೆದುಕೊಂಡು ಕೂತು, ಮಷೀನಿನ ಸದ್ದು ಕೇಳಿ ಹೋಗುತ್ತಿದ್ದರು. ಒಂದು ಚೌಕ ಕಡಿಯಲು ಅರ್ಧ ನಿಮಿಷ ಸಾಕಿತ್ತು... ನನಗೆ ಅರ್ಧ ನಿಮಿಷ ಇರಲಿಲ್ಲ.

ಹೋದ ವರ್ಷ ತಾತನ ಮಗ ಬಂದು ಅವರನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದ. ಅಲ್ಲೇ ತೀರಿಕೊಂಡರು. ಕಾರ್ಯ ಮುಗಿಸಿ ಬಂದ ಮಗಳು ನನಗೆಂದು ಒಂದು ಬಟ್ಟೆಯ ಚೀಲ ಕೊಟ್ಟಳು. ಒಳಗೆ ಆ ಸರ ಇತ್ತು. ಅಂಗಡಿಯ ಬಾಗಿಲು ಹಾಕಿಕೊಂಡು, ಅವರ ಹಾಗೆ ಕಣ್ಣು ಮುಚ್ಚಿ ಬೆರಳು ಆಡಿಸಿದೆ. ಗಾಯವಾದ ಚೌಕ, ಗಾಯವಾದ ಚೌಕ, ಸರಿಯಾದ ಚೌಕ, ಗಂಟು, ಮತ್ತೆ ಕೆಟ್ಟ ಚೌಕ. ಗಂಟುಗಳೆಲ್ಲ ಮುಗಿದ ಮೇಲೆ ಸರಿಯಾದವೇ ಬಹಳ ದೂರ ಬಂದವು. ಆಮೇಲೆ ಒಂದು ನುಣುಪಾದ ರಟ್ಟು ಸಿಕ್ಕಿತು. ಕಣ್ಣು ಬಿಟ್ಟು ನೋಡಿದರೆ ಮಾತ್ರೆ ಡಬ್ಬಿಯ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಪೋಣಿಸಿದ್ದರು. ಅದರಲ್ಲಿ ಗೀರೂ ಇಲ್ಲ, ಗುಂಡೂ ಇಲ್ಲ. ಮತ್ತೆರಡು ಚೌಕ, ಮತ್ತೆ ರಟ್ಟು. ಆಮೇಲೆ ಬರೀ ರಟ್ಟು, ರಟ್ಟು, ರಟ್ಟು...

"ನೀವು ಕೊಡದ ದಿನ ಇದನ್ನ ಹಾಕ್ತಿದ್ರು ಅಕ್ಕಾ" ಎಂದು ಮಗಳು ಹೇಳಿದ್ದಳು. "ಯಾಕಪ್ಪಾ ಅಂದ್ರೆ, ಆ ದಿನಾನೂ ಸಾಲೇ ಅಲ್ವಾ ಅಂತಿದ್ರು."

ಅಳುವವಳಲ್ಲ ಎಂದು ಮೇಲೆ ಬರೆದಿದ್ದೇನೆ. ಅವತ್ತು ಅತ್ತೆ.

ಇವತ್ತಿನ ಹೊಸ ಮಷೀನು ಎಲ್ಲವನ್ನೂ ತಾನೇ ಸರಿಮಾಡಿಕೊಳ್ಳುತ್ತದಂತೆ. ಟೆಸ್ಟ್ ಕಟ್ ಬೇಕೇ ಇಲ್ಲ ಮೇಡಂ, ಸುಮ್ಮನೆ ಹಾಳೆ ದಂಡ ಎಂದು ಕಂಪನಿಯವನು ಹೇಳಿ ಬಸ್ಸು ಹಿಡಿಯಲು ಓಡಿದ. ಅವನು ಹೋದ ಮೇಲೆ ನಾನೊಂದು ಚೌಕ ಕಡಿದೆ, ಒಳಗೊಂದು ಗುಂಡು. ಮಗುಚಿ ಉಗುರಾಡಿಸಿದೆ. ಗೀರು ಬಿದ್ದಿದೆ, ಗಾಯವಾಗಿಲ್ಲ. ಗೋಡೆಯ ಮೊಳೆಯಿಂದ ತಾತನ ಸರ ಇಳಿಸಿ, ಕೊನೆಯ ರಟ್ಟಿನ ಪಕ್ಕ ಅದನ್ನು ಪೋಣಿಸಿದೆ. ಚೆನ್ನಾಗಿ ಬಂದೈತೆ ತಾತ ಎನ್ನಲು ಹಿತ್ತಲಿಗೆ ಹೋದೆ. ಅವರ ಮಗಳೂ ಮನೆ ಖಾಲಿ ಮಾಡಿ ರಾಂಪುರಕ್ಕೆ ಹೋಗಿ ಆರು ತಿಂಗಳಾಯಿತು. ಗೋಡೆಯ ಆ ಕಡೆ ಯಾರದೋ ಬಟ್ಟೆ ಒಣಗುತ್ತಿತ್ತು.