ಮಲ್ಲಿಗೆ ಗಂಟು ಮತ್ತು ನನ್ನ ಲಿನಕ್ಸ್ ಪುರಾಣ

ಹೂವಿನಹಡಗಲಿಯಲ್ಲೇ ಹುಟ್ಟಿ ಬೆಳೆದರೂ ನನಗೆ ಮಲ್ಲಿಗೆ ವ್ಯಾಪಾರ ತಿಳಿಯದು. ಅದು ನನ್ನ ಹೆಂಡತಿ ಗಿರಿಜಳ ಖಾತೆ. ಅಂಗಡಿಯಲ್ಲಿ ನನ್ನ ಪಾಲಿಗಿರುವುದು ಕಂಪ್ಯೂಟರು. ಮುಂಜಾನೆ ಬಸ್ಸಿನಲ್ಲಿ ಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗೆ ಹೋಗುವ ಹೂವಿನ ಗಂಟುಗಳಿಗೆ ಊರು, ಹೆಸರು ಇರುವ ಚೀಟಿ ಅಚ್ಚು ಹಾಕುವವನು ನಾನು. ಚೀಟಿ ತಪ್ಪಿದರೆ ಹೂವು ಊರು ತಪ್ಪುತ್ತದೆ ಎಂದು ನಂಬಿದ್ದೆ. ಮನೆಯಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆಯೂ ಆ ಚೀಟಿಯ ಮೇಲೇ ನಿಂತಿತ್ತು.

ಮೊದಲು ಆ ಕಂಪ್ಯೂಟರಿನಲ್ಲಿದ್ದದ್ದು ಕಂಪನಿಯವರು ಮುಚ್ಚಳ ಬಿಗಿದು ಮಾರುವ ವ್ಯವಸ್ಥೆ. ಒಳಗೇನಿದೆ ಎಂದು ಕೇಳುವಂತಿಲ್ಲ. ಬೀಗರ ಮನೆ ಅಡುಗೆಯಂತೆ ಬಡಿಸಿದ್ದನ್ನು ಹೊಗಳಿ ಉಣ್ಣಬೇಕು. ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೇ ಅದಕ್ಕೆ ಅಪ್‌ಡೇಟ್ ಆಗುವ ಚಟ. ‘ಆಫ್ ಮಾಡಬೇಡಿ’ ಎಂದು ನನ್ನ ಅಂಗಡಿಯಲ್ಲಿ ನನಗೇ ಅಪ್ಪಣೆ! ಮಲ್ಲಿಗೆ ಮೊಗ್ಗು ಮಾತ್ರ ಯಾವ ಅಪ್‌ಡೇಟಿಗೂ ಕಾಯದೆ ಅರಳುತ್ತದೆ.

ರೋಸಿಹೋಗಿ, ಕಂಪ್ಯೂಟರ್ ರಿಪೇರಿ ಮಾಡುವ ಖಾದರ್‌ನನ್ನು ಕರೆಸಿದೆ. ಅವನು ಮುಚ್ಚಳವೇ ಇಲ್ಲದ ಲಿನಕ್ಸ್ ಎಂಬ ವ್ಯವಸ್ಥೆಯ ಭಕ್ತ.

“ಇದು ಊರ ಕೆರಿ ಇದ್ದಂಗ್ರಿ ಸರ. ಯಾರ್ ಬೇಕಾದ್ರೂ ನೀರ್ ತುಂಬ್ಕೋಬೌದು, ಯಾರ್ ಬೇಕಾದ್ರೂ ಹೂಳ್ ತೆಗೀಬೌದು.”

ಊರ ಕೆರೆಯ ಹೂಳನ್ನು ಯಾರು ತೆಗೆದಿದ್ದಾರೆ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಕಾಸು ಕೊಟ್ಟು ತರಬೇಕಾದ್ದನ್ನು ಯಾರಿಂದಲೋ ಪುಕ್ಕಟೆ ಹಾಕಿಸಿಕೊಂಡಿದ್ದ ನಾನು, ಪುಕ್ಕಟೆ ಸಿಗುವುದನ್ನು ಹಾಕಿಸಲು ಖಾದರ್‌ಗೆ ಕಾಸು ಕೊಟ್ಟೆ. ನಮ್ಮ ಕಡೆಯ ವ್ಯಾಪಾರದ ಜಾಣತನ ಹೀಗೇ.

ಕೆಲವು ದಿನ ನಾನು ಸ್ವತಂತ್ರ. ಮೊಳ ಹೂವಿಗೆ ಬಂದವರಿಗೂ ಸ್ವಾತಂತ್ರ್ಯದ ಪ್ರವಚನ ಬಿಗಿಯುತ್ತಿದ್ದೆ. ಆಮೇಲೆ ಮದುವೆ ಹಂಗಾಮಿನ ಒಂದು ಮುಂಜಾನೆ ಪ್ರಿಂಟರು ಮುನಿಸಿಕೊಂಡಿತು. ಬಸ್ಸು ಬಾಗಿಲಲ್ಲಿ ನಿಂತಿದೆ, ಖಾದರ್ ಫೋನ್ ಎತ್ತುತ್ತಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹಲ್ಲುನೋವಿನವನಿಗೆ ಸಿಗುವಷ್ಟು ಮದ್ದುಗಳು. ಒಬ್ಬ ಪುಣ್ಯಾತ್ಮ ಪ್ರಿಂಟರನ್ನೇ ಬದಲಾಯಿಸು ಎಂದಿದ್ದ.

ಬೆವರುತ್ತ ಹೊರಗೆ ಓಡಿದೆ. ಗಂಟುಗಳು ಆಗಲೇ ಬಸ್ಸು ಹತ್ತಿದ್ದವು.

“ಚೀಟಿ ಇಲ್ದ ಯಾವ್ದು ಯಾವ ಊರಿಗಂತ ಹೆಂಗ ಗೊತ್ತಾಗತೈತೋ?” ಎಂದು ಕಂಡಕ್ಟರ್ ಹನುಮಂತಪ್ಪನ ಮೇಲೆ ರೇಗಿದೆ.

“ಚೀಟಿ ಯಾರ್ ಓದ್ತಾರ್ರಿ ಸರ? ಹಸಿ ಬಟ್ಟಿಗೆ ತಾಗಿ ದಾರ್ಯಾಗ ಅಳಸಿ ಹೊಕ್ಕೈತಿ. ಕೆಂಪು ಬಟ್ಟಿ ಬೊಮ್ಮನಳ್ಳಿ, ಹಸರು ಕೊಟ್ಟೂರು, ಹಳದಿ ಕೂಡ್ಲಿಗಿ. ಅಕ್ಕಾರು ಮೊದಲಿಂದ ಹಂಗ ಕಟ್ತಾರಲ್ರಿ.”

ಬಸ್ಸು ಹೋಯಿತು. ಗಿರಿಜಳ ಕಡೆ ತಿರುಗಿದೆ. “ಮತ್ತ ನನ್ನ ಚೀಟಿ ಯಾಕ ಬೇಕಿತ್ತು?”

“ನೀವು ಅಲ್ಲಿ ಕುಂತ್ರ, ಇಲ್ಲಿ ಗಿರಾಕಿ ಮುಂದ ಬಾಯಿಗೆ ಬಂದ ರೇಟ್ ಹೇಳಾಕ ಬರಂಗಿಲ್ಲ. ಅದಕ್ಕ,” ಎಂದಳು.

ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಸಿಟ್ಟು ಮಾಡಲು ಅವಳ ಮಾತಿನಲ್ಲಿ ಸುಳ್ಳೊಂದಾದರೂ ಇರಬೇಕಿತ್ತಲ್ಲ.

ವ್ಯಾಪಾರಕ್ಕೆ ತೆರೆದ ವ್ಯವಸ್ಥೆ ಮೇಲೋ, ಮುಚ್ಚಿದ್ದು ಮೇಲೋ ಎಂದು ಈಗ ಯಾರಾದರೂ ಕೇಳಿದರೆ ಗಿರಿಜಳದ್ದು ಮೇಲು ಎನ್ನುತ್ತೇನೆ. ಅದು ಕಂಡಕ್ಟರಿಗೆ ತೆರೆದದ್ದು, ಗಂಡನಿಗೆ ಮುಚ್ಚಿದ್ದು. ಖಾದರ್ ಬಂದು ಪ್ರಿಂಟರು ಸರಿಮಾಡಿ ಹೋಗಿದ್ದಾನೆ. ಈಗಲೂ ದಿನಾ ಚೀಟಿ ಅಚ್ಚು ಹಾಕುತ್ತೇನೆ. ಯಾರೂ ಓದುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಗಿರಿಜ ಒಂದನ್ನೂ ಬಿಡದೆ ಗಂಟಿಗೆ ಕಟ್ಟುತ್ತಾಳೆ.